ಒಳಗಿನ ಚಿಲಕ

ಆ ಕೋಣೆಯೊಳಗೆ ನಿಜವಾಗಿ ಏನಾಯಿತು ಎಂದು ನಾನು ಖಂಡಿತವಾಗಿ ಹೇಳಲಾರೆ. ಅಲ್ಲಿದ್ದವರು ಇಬ್ಬರೇ, ನಾನು ಮತ್ತು ಆಗಷ್ಟೇ ನನ್ನ ಹೆಂಡತಿಯಾಗಿದ್ದವಳು. ಇಬ್ಬರ ನೆನಪೂ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ನೆನಪಿನಲ್ಲಿ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದವನು ನಾನೇ. ಕಬ್ಬಿಣದ ಸರಳು ಕೊಂಡಿಯೊಳಗೆ ಜಾರಿದ ಸದ್ದು ಈಗಲೂ ಕೇಳಿಸುತ್ತದೆ, ಅದರ ತಣುಪು ಹೆಬ್ಬೆರಳಿಗೆ ತಾಗುತ್ತದೆ. ಅವಳು ಮಂಚದ ಕಾಲ್ದೆಸೆಯಲ್ಲಿ ಕೂತಿದ್ದಳು. ನಾನು ಏನೇನೋ ಹೇಳಿ ಮಾತಾಡಿಸಿದೆ. ಹತ್ತಿರ ಹೋದೆ. ಅವಳಿಗೆ ನೋವಾಯಿತು, ನಾನು ಸುಮ್ಮನಾದೆ. ಹೀಗೆ ನೆನೆಸಿಕೊಂಡಾಗ ನಾನು ಒಳ್ಳೆಯವನಂತೆ ಕಾಣುತ್ತೇನೆ. ಆ ಕಾರಣಕ್ಕೇ ನನಗೆ ಆ ನೆನಪಿನ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅನುಮಾನ ಪಡುವುದೇ ನನ್ನ ಕಸುಬು ಎಂದು ನಾನು ಜಂಬಪಡುತ್ತಿದ್ದವನು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ ಎಚ್.ಡಿ. ಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ನಮ್ಮೂರು ಹುಣಸೂರು ತಾಲ್ಲೂಕಿನಲ್ಲಿ, ಗುರುಪುರದ ಕಡೆ. ಮನೆಯಲ್ಲಿ ಯಾರಾದರೂ ಶಾಸ್ತ್ರ ಕೇಳಿಸಲು ಹೊರಟರೆ, ನಿಂಬೆಹಣ್ಣು ಮಂತ್ರಿಸಿ ತಂದರೆ, ಸಾಕ್ಷಿ ಏನು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನಮ್ಮವ್ವ ನನ್ನನ್ನು ಬೈಯುವಾಗ 'ಲಾಯರಿ' ಎನ್ನುತ್ತಿದ್ದಳು. ಅಂಥವನು ಮದುವೆಯ ವಿಷಯದಲ್ಲಿ ಮಾತ್ರ ಎಲ್ಲರೂ ಹೇಳಿದಂತೆ ಕೇಳಿದೆ. ಹುಡುಗಿ ಚುಂಚನಕಟ್ಟೆಯ ಹತ್ತಿರದ ಊರಿನವಳು. ಇಪ್ಪತ್ತಾರು ವರ್ಷ, ಬಿ.ಎಡ್. ಮುಗಿಸಿ ಕೆ.ಆರ್. ನಗರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ತಂದೆ ಇಲ್ಲ. ತಾಯಿ, ಎರಡು ಎಕರೆ ನಾಲೆ ಗದ್ದೆ, ಹಳೆಯ ಹೆಂಚಿನ ಮನೆ. ಶ್ರಾವಣದಲ್ಲಿ ಮದುವೆಯಾಯಿತು.

ನಮ್ಮ ಕಡೆ ಮೊದಲ ರಾತ್ರಿಯ ಪ್ರಸ್ತ ಹೆಣ್ಣಿನ ಮನೆಯಲ್ಲಿ. ಮದುವೆಗೆ ಬಂದ ನೆಂಟರು ಇನ್ನೂ ಹೊರಟಿರಲಿಲ್ಲವಾದ್ದರಿಂದ ಮನೆಯ ಯಾವ ಮೂಲೆಯೂ ಖಾಲಿ ಇರಲಿಲ್ಲ. ಅಡುಗೆಮನೆಯ ಪಕ್ಕದ ಒಂದು ಸಣ್ಣ ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿ, ಹೊಸ ಬಲ್ಬು ತೂಗುಹಾಕಿದ್ದರು. ಸುಣ್ಣದ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಏನೋ ಒಣಗಿದ್ದು, ಮೈಗೆ ಸೋಕಿದರೆ ತುರಿಸುವಂಥದ್ದು. ಇದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಸೀನಿದ್ದೆ. ಹೊರಗೆ ಹೆಂಗಸರು ನಕ್ಕಿದ್ದರು.

ಬೆಳಿಗ್ಗೆ ನಮ್ಮ ಸೋದರತ್ತೆ ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತ ಕಾದಿದ್ದಳು.

"ಏನ್ಲಾ ಮೇಷ್ಟ್ರೇ, ಪರೀಕ್ಷೆ ಬರುದ್ಯಾ, ಇಲ್ಲಾ ಖಾಲಿ ಪೇಪರ್ ಕೊಟ್ಟು ಬಂದ್ಯಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕು "ಆಯ್ತು ಬುಡತ್ತೆ" ಎಂದೆ. ಹಾಗೆಂದಾಗ ನನ್ನ ಹೆಂಡತಿ ಬಚ್ಚಲ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಏನೂ ಆಗದಿದ್ದುದನ್ನು ಆಯಿತು ಎಂದು ಹೇಳಿಬಿಟ್ಟಿದ್ದೆ. ಮುಂದೆ ಅದನ್ನು ಹಿಂತೆಗೆದುಕೊಳ್ಳುವ ದಾರಿಯೇ ಕಾಣಲಿಲ್ಲ.

ನಮ್ಮೂರಿಗೆ ಬಂದ ಮೇಲೆ ಬ್ಯಾರನ್ ನನ್ನನ್ನು ಕಾಪಾಡಿತು. ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಸೊಪ್ಪು ಬೇಯಿಸುವ ಆ ಎತ್ತರದ ಕಟ್ಟಡವೇ ಸೀಸನ್ನಿನಲ್ಲಿ ದೇವಸ್ಥಾನ. ಒಳಗಿನ ಶಾಖ ಏರಿಳಿಯದ ಹಾಗೆ ಯಾರಾದರೂ ಅಲ್ಲೇ ಇದ್ದು ಸೌದೆ ನೂಕುತ್ತಿರಬೇಕು. ಸ್ವಲ್ಪ ಯಾಮಾರಿದರೆ ಸೊಪ್ಪು ಕಪ್ಪಾಗಿ ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ. ಅದುವರೆಗೆ ಆ ಕಡೆ ತಲೆ ಹಾಕದಿದ್ದ ನಾನು, ಅಪ್ಪನಿಗೆ ಸೊಂಟ ನೋವು, ಈ ಸಲ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಹೊಸ ಮದುಮಗ ಕೋಣೆ ಬಿಟ್ಟು ಬ್ಯಾರನ್ ಹತ್ತಿರ ಮಲಗಿದರೆ ನಮ್ಮಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಮೆಚ್ಚುತ್ತಾರೆ. "ಓದುದ್ರೂ ಮೈ ಬಗ್ಗುಸ್ತಾನೆ ಕಣ್ಲಾ" ಎಂದು ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ಬಂದ.

ನಡುನಡುವೆ ಕೆಲವು ಸಲ ಮನೆಯೊಳಗೂ ಮಲಗಿದೆ. ನಾನು ಹತ್ತಿರ ಸರಿದ ಕೂಡಲೇ ಅವಳ ಮೈ ಬಿಗಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಬೇಡ ಎಂದು ಬಾಯಿ ಬಿಟ್ಟು ಹೇಳುತ್ತಿದ್ದಳೇ, ಅಥವಾ ಆ ಮೈಯನ್ನು ನೋಡಿ ನಾನೇ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದೆನೇ ಎಂದು ಈಗ ಕೇಳಿದರೆ ನನಗೆ ತಿಳಿಯದು. ಹಗಲು ಚೆನ್ನಾಗಿಯೇ ಇರುತ್ತಿದ್ದಳು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರ ಜೊತೆ ಕೂತು ಅವರಿಗಿಂತ ಬೇಗ ಕಟ್ಟಲು ಕಲಿತಿದ್ದಳು. ಅವರು ರೇಗಿಸಿದರೆ ತಿರುಗಿ ರೇಗಿಸುತ್ತಿದ್ದಳು.

ಸೀಸನ್ ಮುಗಿಯಿತು. ನಾನಿನ್ನೂ ಚಾಪೆ ಎತ್ತಿಕೊಂಡು ಬ್ಯಾರನ್ ಕಡೆ ಹೊರಟಾಗ ಅವ್ವ ಅಡ್ಡ ನಿಂತಳು. "ಸೊಪ್ಪು ಬೆಂದಾಯ್ತು, ಬೂದಿನೂ ಆರೋಯ್ತು. ಇನ್ನ್ಯಾತಕ್ಕೆ ಮಗ ಅಲ್ಲಿ ಮನಗಕ್ಕೋಯ್ತೀಯ?" ಎಂದಳು. ನಾನು ಚಾಪೆಯನ್ನು ಇನ್ನೊಂದು ಕಂಕುಳಿಗೆ ಸರಿಸಿಕೊಂಡೆ. ಅವಳಿಗೆ ಅಷ್ಟೇ ಸಾಕಾಯಿತು.

ಚಿಕ್ಕಪ್ಪ ಮೊದಲು ನನ್ನನ್ನು ಮೈಸೂರಿನ ಲಾಡ್ಜೊಂದರಲ್ಲಿ ವಾರಕ್ಕೊಮ್ಮೆ ಕೂರುವ ಒಬ್ಬನ ಬಳಿ ಕರೆದುಕೊಂಡು ಹೋದ. ಅವನು ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಬಾಲ್ಯದ ಅಭ್ಯಾಸಗಳ ಬಗ್ಗೆ ಕೇಳಿ ಲೇಹ್ಯ ಕೊಟ್ಟ. ಶಾಸ್ತ್ರ ಹೇಳುವವರನ್ನು ಆಡಿಕೊಳ್ಳುತ್ತಿದ್ದ ನಾನು ಆ ಲೇಹ್ಯವನ್ನು ಪೂರ್ತಿ ತಿಂದೆ. ಆಮೇಲೆ ಆಸ್ಪತ್ರೆಯೊಂದರಲ್ಲಿ ರಕ್ತ, ಹಾರ್ಮೋನು, ಇನ್ನೂ ಹೇಳಿಕೊಳ್ಳಲು ನಾಚಿಕೆಯಾಗುವ ಒಂದೆರಡು ಪರೀಕ್ಷೆಗಳಾದವು. ನನ್ನಲ್ಲಿ ದೋಷವಿಲ್ಲ ಎಂದರು. ಚಿಕ್ಕಪ್ಪ ಆ ದಿನ ಬಸ್ ಸ್ಟ್ಯಾಂಡಿನಲ್ಲಿ ನನಗೆ ಮಸಾಲೆದೋಸೆ ಕೊಡಿಸಿದ. "ನಮ್ಮ ಹುಡ್ಗುನ್ದು ಏನಿಲ್ಲ ಅಂದ್ಮೇಲೆ ಆಯಮ್ಮುಂದೇ" ಎಂದ.

ಹೀಗೆ ನಾವು ಹುಣಸೂರಿನ ಒಬ್ಬ ಲೇಡಿ ಡಾಕ್ಟರ ಬಳಿ ಹೋದೆವು. ಹೆಂಡತಿ, ನಾನು, ಅವ್ವ, ಚಿಕ್ಕಪ್ಪ. ಡಾಕ್ಟರು ಮೊದಲು ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳೊಬ್ಬಳ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ಕರೆಯದಿದ್ದರೂ ಚಿಕ್ಕಪ್ಪ ಹಿಂದೆಯೇ ಬಂದ.

"ಆಕೆ ಬೇಕೂಂತ ಮಾಡ್ತಿಲ್ಲ" ಎಂದರು ಡಾಕ್ಟರು. "ಕಣ್ಣಿನ ಹತ್ರ ಏನಾದ್ರೂ ಬಂದಾಗ ರೆಪ್ಪೆ ಹೇಗೆ ತಾನಾಗೇ ಮುಚ್ಚುತ್ತೋ ಹಾಗೇ ಇದು. ಹೆದರಿಕೆ ಇದ್ದಾಗ ಅಲ್ಲಿನ ಸ್ನಾಯು ಬಿಗ್ದುಕೊಳ್ಳುತ್ತೆ. ಆಕೆ ಕೈಯಲ್ಲಿ ಇಲ್ಲ. ವಾಸಿಯಾಗುತ್ತೆ, ಎಷ್ಟೋ ಜನಕ್ಕೆ ಆಗಿದೆ. ಆದ್ರೆ ಮೊದ್ಲು ಹೆದರಿಕೆ ಹೋಗ್ಬೇಕು."

"ಯಾವ ಹೆದರಿಕೆ?" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅದನ್ನ ನನ್ನ ಕೇಳ್ತೀರಾ? ಆ ದಿನ ಏನಾಯ್ತು ಅಂತ ನನಗೆ ಹೇಳಿದಾರೆ. ನಿಮಗೆ ಹೇಳೋದು ಅವರಿಗೆ ಸೇರಿದ್ದು. ಕೇಳಿ ನೋಡಿ."

ಅಷ್ಟರಲ್ಲಿ ಚಿಕ್ಕಪ್ಪ ಕೆಮ್ಮಿದ. "ಅಲ್ಲಾ ಡಾಕ್ಟ್ರಮ್ಮ, ಮದ್ವೆಗೆ ಮುಂಚೆ ಏನಾರ ಹೆಚ್ಚುಕಮ್ಮಿ ಆಗಿತ್ತಾ ಅಂತ ಒಸಿ ಟೆಸ್ಟ್ ಮಾಡಿ ಒಂದ್ ಲೆಟರ್ ಕೊಟ್ಬುಟ್ರೆ…"

"ಏನ್ರೀ ಅದು ಹೆಚ್ಚುಕಮ್ಮಿ?" ಡಾಕ್ಟರ ದನಿ ಹೊರಗಿನವರಿಗೂ ಕೇಳುವಷ್ಟು ಏರಿತು. "ಹಾಗೆ ಹೇಳೋ ಟೆಸ್ಟೇ ಇಲ್ಲ. ಅತ್ಯಾಚಾರದ ಕೇಸಲ್ಲೇ ಆ ಕೆಲಸ ಮಾಡ್ಬೇಡಿ ಅಂತ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಮನೆ ಜಗಳಕ್ಕೆ ನಾನು ಮಾಡ್ಲಾ? ಎದ್ದೇಳಿ."

ಚಿಕ್ಕಪ್ಪ ಎದ್ದ. ಆ ಹೊತ್ತಿನಲ್ಲಿ ಬಾಯಿ ತೆರೆಯಬೇಕಾದವನು ನಾನು. ನಾನು ಕೈಯಲ್ಲಿದ್ದ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತಿದ್ದೆ.

ಅವ್ವ, ಚಿಕ್ಕಪ್ಪ ಬಸ್ಸಿಗೆ ಹೋದರು. ನಾವಿಬ್ಬರು ಬೈಕಿನಲ್ಲಿ. ಡಾಕ್ಟರು ಕೇಳಿ ಎಂದಿದ್ದರಲ್ಲ, ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ ಎಂದು ಯೋಚಿಸುತ್ತ ಬಂದೆ. ಒಂದು ಕಡೆ ಗಾಡಿ ನಿಲ್ಲಿಸಿದೆ. ಅವಳು ಇಳಿದು ನನ್ನ ಮುಖ ನೋಡಿದಳು. ಕೇಳುತ್ತೇನೆ ಎಂದು ಅವಳಿಗೂ ಅನ್ನಿಸಿತ್ತು, ಅದು ನನಗೆ ಗೊತ್ತಾಯಿತು.

"ಕಾಫಿ ಕುಡೀತೀಯಾ?" ಎಂದೆ.

"ಬ್ಯಾಡ" ಎಂದು ಮತ್ತೆ ಹತ್ತಿ ಕೂತಳು. ಯುಗಾದಿಗೆ ತವರಿಗೆ ಹೋದವಳು ಹಿಂದಿರುಗಲಿಲ್ಲ, ಬಿಟ್ಟಿದ್ದ ಶಾಲೆಗೇ ಮತ್ತೆ ಸೇರಿದಳು.

ಮುಂದಿನದೆಲ್ಲ ಚಿಕ್ಕಪ್ಪನ ಓಡಾಟ. ಹುಣಸೂರಿನಲ್ಲಿ ಅವನಿಗೆ ಪರಿಚಯದ ವಕೀಲರೊಬ್ಬರಿದ್ದರು. ಗಂಡಹೆಂಡಿರ ದೈಹಿಕ ಸಂಬಂಧ ಕೂಡಿಬರದಿದ್ದರೆ ಮದುವೆಯೇ ಆಗಿಲ್ಲವೆಂದು ರದ್ದು ಮಾಡಿಸಬಹುದು, ಆದರೆ ಯಾರಿಗಾದರೂ ಒಬ್ಬರಿಗೆ ಶಕ್ತಿಯಿಲ್ಲ ಎಂದು ತೋರಿಸಬೇಕು ಎಂದು ಅವರು ವಿವರಿಸಿದರು. "ಕಾನೂನಲ್ಲಿ ನಪುಂಸಕತ್ವ ಅಂದ್ರೆ ಗಂಡಿಗೇ ಅಂತ ಇಲ್ಲ ಸಾರ್. ಹೆಣ್ಣಿಗೂ ಹೇಳ್ಬೋದು" ಎಂದರು. ಚಿಕ್ಕಪ್ಪನಿಗೆ ಅದೇ ಬೇಕಿತ್ತು. "ಅಂಗೇ ಮಾಡಿ ಸ್ವಾಮಿ. ಇವ್ನಿಗೆ ಇನ್ನೊಂದು ಹೆಣ್ಣು ನೋಡ್ಬೇಕಲ್ಲ." ಅವಳಿಗೆ ಇನ್ನೊಂದು ಗಂಡು ಯಾರು ನೋಡಬೇಕು ಎಂದು ನಾನು ಕೇಳಲಿಲ್ಲ. ಊರಿಂದೂರಿಗೆ ಆ ಮಾತು ಹೇಗೆ ಹೋಗುತ್ತದೆ, ಟೀಚರ್ ಕೆಲಸದಲ್ಲಿರುವವಳ ಬೆನ್ನಹಿಂದೆ ಹೇಗೆ ಪಿಸುಗುಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ಕೋರ್ಟಿಗೆ ಹೋಗುವ ಮೊದಲು ಕೂತು ಮಾತಾಡೋಣ ಎಂದು ಆ ಕಡೆಯವರು ಹೇಳಿ ಕಳಿಸಿದರು. ವಕೀಲರ ಆಫೀಸಿನಲ್ಲೇ ಸೇರಿದೆವು. ಅವಳು, ಅವಳ ತಾಯಿ, ದೂರದ ಊರಿನಲ್ಲಿರುವ ಅವಳ ದೊಡ್ಡಪ್ಪ ಒಂದು ಬೆಂಚಿನ ಮೇಲೆ. ಎದುರು ಬೆಂಚಿನ ಮೇಲೆ ನಾನು, ಚಿಕ್ಕಪ್ಪ. ದೊಡ್ಡಪ್ಪ ಮಾತು ಶುರುಮಾಡುವ ಮೊದಲೇ ಅವಳು ಶುರುಮಾಡಿದಳು. ಪಾಠ ಓದಿ ಹೇಳುವ ಟೀಚರ ದನಿ.

"ಆವತ್ತು ನಂಗೆ ತುಂಬ ಭಯ ಆಗಿತ್ತು. ಇವತ್ತು ಬ್ಯಾಡಿ ಅಂದೆ. ಇವ್ರು ಕೇಳ್ಲಿಲ್ಲ. ಎದ್ದೋಗಿ ಬಾಗ್ಲು ಬಡುದ್ನಿ. ಅವ್ವಾ ಅಂತ ಕೂಗ್ದೆ. ಯಾರೂ ತೆಗೀಲಿಲ್ಲ. ಇವ್ರು ರಟ್ಟೆ ಹಿಡ್ಕಂಡು ಎಳ್ಕಂಡ್ ಬಂದ್ರು. ಆಮೇಲೆ ನಂಗೆ ತಡೀದಷ್ಟು ನೋವಾಗಿ ಕಿರುಚ್ಕಂಡಾಗ ಬಿಟ್ರು."

ಚಿಕ್ಕಪ್ಪನ ಮುಖ ಬಿಳುಪೇರಿತು. ವಕೀಲರ ಕಡೆ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಪೊಲೀಸ್ ಕೇಸು ಗೀಸು ಆಯ್ತದಾ ಸ್ವಾಮಿ?" ಎಂದ.

"ಹೆಂಡತಿಗೆ ಹದಿನೆಂಟು ದಾಟಿದೆಯಲ್ಲ" ಎಂದರು ವಕೀಲರು. "ಗಂಡನ ಮೇಲೆ ಅತ್ಯಾಚಾರ ಅಂತ ಬರಲ್ಲ. ಕ್ರೌರ್ಯ ಅಂತ ತರಬಹುದು. ಅದನ್ನೂ ಸಾಬೀತು ಮಾಡ್ಬೇಕು."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಬಿಸಿಲಿನಿಂದ ನೆರಳಿಗೆ ಬಂದ ಹಾಗೆ ಮೈ ತಂಪಾಯಿತು. ಆ ತಂಪಿನ ನೆನಪು ಮಾತ್ರ ನನಗೆ ಸುಳ್ಳೆನಿಸಿಲ್ಲ. ಇವತ್ತಿಗೂ ಒಬ್ಬನೇ ಇರುವಾಗ ಅದು ಬಂದು ಕುತ್ತಿಗೆ ಬಗ್ಗಿಸುತ್ತದೆ.

ಸಮಾಧಾನವಾದ ಮೇಲೆ ಧೈರ್ಯವೂ ಬಂತು. "ಚಿಲಕ ಒಳಗಡೆ ಇತ್ತು" ಎಂದೆ. "ನಾನೇ ಹಾಕಿದ್ದು. ಹೋಗ್ಬೇಕು ಅಂತಿದ್ರೆ ನೀನೇ ತೆಗೆದು ಹೋಗ್ಬೋದಾಗಿತ್ತು. ಬಾಗಿಲು ಯಾಕೆ ಬಡೀಬೇಕು?"

ಅವಳು ಒಂದು ಕ್ಷಣ ನನ್ನನ್ನು ಅರ್ಥವಾಗದವಳಂತೆ ನೋಡಿದಳು. "ಆ ಬಾಗ್ಲಿಗೆ ಒಳಗಡೆ ಚಿಲ್ಕನೇ ಇಲ್ಲ" ಎಂದಳು. "ಹೊರಗಡೆಯಿಂದ ಹಾಕಿದ್ರು."

"ಥೂ, ಚಿಲ್ಕದ ಮಾತು ಬುಡವ್ವ ಅತ್ಲಾಗೆ" ಎಂದ ದೊಡ್ಡಪ್ಪ. "ಗಂಡಸ್ರ ಮುಂದೆ ಇಂಥವೆಲ್ಲ ಆಡ್ತಾರಾ?"

ಅವಳು ತಾಯಿಯ ಕಡೆ ತಿರುಗಿದಳು. ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದರು.

"ಚಿಲಕ ಒಳಗಿದ್ರೂ ಅಷ್ಟೇ, ಹೊರಗಿದ್ರೂ ಅಷ್ಟೇ ಕಣಮ್ಮಾ" ಎಂದರು ವಕೀಲರು. "ಕೇಸಿಗೆ ಬರಲ್ಲ ಅದು."

"ಕೇಸಿಗೆ ಬರ್ದೇ ಇರ್ಬೋದು ಸಾರ್. ನಂಗೆ ಬರುತ್ತೆ." ಅವಳ ದನಿ ಮೊದಲ ಸಲ ನಡುಗಿತು. "ಹೊರಗಿಂದ ಹಾಕಿತ್ತು ಅಂತ ಇವ್ರು ಒಂದು ಮಾತು ಹೇಳ್ಲಿ, ನಾನು ಬಾಗ್ಲು ಬಡ್ದೆ ಅನ್ನೋದನ್ನ ಒಪ್ಕಳ್ಳಿ. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ. ನಂಗೆ ಇನ್ನೇನೂ ಬ್ಯಾಡ."

ಎಲ್ಲರೂ ನನ್ನ ಕಡೆ ನೋಡಿದರು. ಅವಳು ಕೇಳಿದ್ದು ಇಷ್ಟೇ, ತನ್ನನ್ನು ನಂಬಬೇಕು ಎಂದು. ನಾನು ಯೋಚಿಸಿದೆ. ಹೆದರಿದವರ ನೆನಪು ಕಲಸಿಹೋಗುತ್ತದೆ, ಎಂದೋ ನಡೆದದ್ದನ್ನು ಇನ್ನೆಂದೋ ನಡೆದದ್ದಕ್ಕೆ ಅಂಟಿಸುತ್ತದೆ ಎಂದು ಎಲ್ಲೋ ಓದಿದ್ದೆ. ಅವಳು ಹೆದರಿದ್ದಳು, ಆದ್ದರಿಂದ ಅವಳ ನೆನಪು ತಪ್ಪಿರಬಹುದು. ಅದೇ ಕೋಣೆಯಲ್ಲಿ ನಾನೂ ಹೆದರಿದ್ದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಬಾಗಿಲು ಬಡಿದ ಸದ್ದೊಂದು ನನ್ನ ತಲೆಯಲ್ಲೂ ಎಲ್ಲೋ ಇತ್ತು. ಅದನ್ನು ನಾನು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ಸದ್ದು ಎಂದು ಬೇರೆ ಕಡೆ ಇಟ್ಟುಕೊಂಡಿದ್ದೆ.

"ನನ್ನ ನೆನಪು ಹಾಗಿಲ್ಲ" ಎಂದೆ. "ಗೊತ್ತಿಲ್ಲದ್ದನ್ನ ಖಚಿತವಾಗಿ ಹೇಳೋಕಾಗಲ್ಲ."

ತುಂಬ ಪ್ರಾಮಾಣಿಕನಾಗಿ ಮಾತಾಡಿದೆ ಎಂದು ಆಗ ನನಗೆ ಅನ್ನಿಸಿತ್ತು.

ರದ್ದು ಮಾಡಿಸುವ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಅದು ನನ್ನ ಒಳ್ಳೆಯತನದಿಂದಲ್ಲ. ಹೆಂಡತಿಗೆ ಶಕ್ತಿಯಿಲ್ಲ ಎಂದು ಬರೆದುಕೊಡಲು ಆ ಡಾಕ್ಟರು ಒಪ್ಪಲಿಲ್ಲ. ಇದು ವಾಸಿಯಾಗುವಂಥದ್ದು, ಬೇಕಾದರೆ ಕೋರ್ಟಿಗೆ ಬಂದು ಅದನ್ನೇ ಹೇಳುತ್ತೇನೆ ಎಂದರು. ಕೊನೆಗೆ ಒಂದು ವರ್ಷ ಬೇರೆ ಇದ್ದ ಮೇಲೆ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಿದೆವು. ಯಾರ ಮೇಲೂ ಯಾವ ದೋಷವನ್ನೂ ಬರೆಯಬೇಕಾಗಿರಲಿಲ್ಲ.

ಮೈಸೂರಿನ ಕೋರ್ಟಿನಲ್ಲಿ ಕೊನೆಯ ದಿನ. ಹೊರಗಿನ ಮೆಟ್ಟಿಲ ಹತ್ತಿರ ಅವಳು ತಾನಾಗಿ ನನ್ನ ಬಳಿ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಮುಖ ತಿಳಿಯಾಗಿತ್ತು. "ಆ ಡಾಕ್ಟ್ರ ಹತ್ರ ಈಗ್ಲೂ ಹೋಗ್ತಿದೀನಿ, ನಂಗೋಸ್ಕರ" ಎಂದಳು.

"ನಮ್ಮ ಸಾಮಾನು ವಾಪಸ್ ಕಳಿಸ್ತೀರಲ್ಲ, ಬೀರು, ಮಂಚ, ಪಾತ್ರೆ."

"ಈ ವಾರ ಟೆಂಪೋ ಮಾಡಿ ಕಳಿಸ್ತೀನಿ."

"ಟೆಂಪೋ ಜೊತೆ ನೀವೇ ಬನ್ನಿ. ಬೀರುನ ಆ ಕೋಣೇಲಿ ಇಡ್ಸಿ. ನಾನು ಸ್ಕೂಲಲ್ಲಿರ್ತೀನಿ, ಅವ್ವ ಇರ್ತಾಳೆ." ಹೊರಟವಳು ನಿಂತಳು. "ನೀವು ಪರೀಕ್ಷೆ ಮಾಡ್ದೆ ಯಾವ್ದನ್ನೂ ನಂಬಲ್ವಲ್ಲ."

ಹೋಗಬಾರದು ಎಂದು ಎರಡು ದಿನ ಅಂದುಕೊಂಡೆ. ಹೋಗದಿದ್ದರೆ ನನ್ನ ನೆನಪು ನನಗೆ ಉಳಿಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಕೆ.ಆರ್. ನಗರ ದಾಟಿ ಹೋದೆ. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅವಳ ತಾಯಿ ಬಾಗಿಲಲ್ಲೇ ನಿಂತಿದ್ದರು. ಬನ್ನಿ ಎನ್ನಲೂ ಆಗದೆ ಬೇಡ ಎನ್ನಲೂ ಆಗದೆ ಪಕ್ಕಕ್ಕೆ ಸರಿದರು.

ಕೂಲಿಯವರು ಬೀರುವನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಹೊತ್ತರು. ಗೋಡೆಗೆ ಒತ್ತಿ ಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಸುಣ್ಣ ಮಾಸಿತ್ತು. ಆ ಇನ್ನೊಂದು ವಾಸನೆ ಈಗ ಬಚ್ಚಿಟ್ಟುಕೊಂಡಿರಲಿಲ್ಲ, ಕೋಣೆ ತುಂಬ ಇತ್ತು. ನಾನು ಸೀನಿದೆ. ಭತ್ತದ ಹೊಟ್ಟು.

ಕೂಲಿಯವರು ಹೊರಗೆ ಹೋದ ಮೇಲೆ ಬಾಗಿಲನ್ನು ಒಳಗಿನಿಂದ ಮುಚ್ಚಿದೆ. ಕೈ ತಾನಾಗಿ ಚಿಲಕದ ಎತ್ತರಕ್ಕೆ ಹೋಯಿತು. ಅಲ್ಲಿ ಬರೀ ಮರ. ಮೊಬೈಲಿನ ಟಾರ್ಚು ಹಾಕಿ ಮೇಲೆ, ಕೆಳಗೆ, ಚೌಕಟ್ಟಿನ ಎರಡೂ ಬದಿ ನೋಡಿದೆ. ತೆಗೆಸಿ ಹಾಕಿರಬಹುದು ಎಂದು ಬೆರಳಲ್ಲಿ ಸವರಿದೆ. ಮೊಳೆಯ ತೂತು, ಮೇಣ ಮೆತ್ತಿದ ಗುರುತು, ಬಣ್ಣ ಬೇರೆಯಾದ ಜಾಗ ಯಾವುದೂ ಸಿಗಲಿಲ್ಲ. ಬಾಗಿಲು ತೆರೆದೆ. ಹೊರಮೈಯಲ್ಲಿ ಮೊಳದುದ್ದದ ಕಬ್ಬಿಣದ ಚಿಲಕ, ಕೈ ತಾಗಿ ತಾಗಿ ನುಣುಪಾದದ್ದು.

"ಏನಪ್ಪಾ ಹುಡುಕ್ತಿದೀರಿ?" ಎಂದರು ಅವಳ ತಾಯಿ, ಕಾಫಿಲೋಟ ಹಿಡಿದು.

"ಒಳಗಡೆ ಒಂದು ಚಿಲಕ ಇತ್ತಲ್ವಾ ಅಮ್ಮಾ? ತೆಗೆಸಿದ್ರಾ?"

"ಒಳಗಡೆನಾ? ಭತ್ತದ ಕೋಣೆ ಕಣಪ್ಪಾ ಅದು, ನಮ್ಮ ಮಾವ್ನೋರು ಕಟ್ಸಿದ್ದು. ಭತ್ತ ಯಾಕಪ್ಪಾ ಒಳಗಿಂದ ಚಿಲ್ಕ ಹಾಕ್ಕತದೆ?" ಎನ್ನುತ್ತ ನಗಲು ಹೋದವರು ಅರ್ಧಕ್ಕೇ ನಿಂತರು. ಲೋಟವನ್ನು ಮೂಟೆಯ ಮೇಲಿಟ್ಟರು. ನನ್ನ ಕಡೆ ನೋಡದೆ ಹೇಳಿದರು. "ಬೆಳುಗ್ಗೆ ತಂಕ ತೆಗೀಬ್ಯಾಡ ಅಂದ್ರು ಎಲ್ರೂವೆ. ನಮ್ಮ ಕಾಲ್ದಲ್ಲೂ ಅಂಗೇ ಮಾಡ್ತಿದ್ದುದ್ದು. ನಾನೇ ಹಾಕಿದ್ದು. ಮಗ್ಳು ಬಡುದ್ದು ಕೇಳುಸ್ತು ಕಣಪ್ಪಾ."

ನಾನು ಏನು ಹೇಳಿದೆನೋ ನೆನಪಿಲ್ಲ. ಟೆಂಪೋ ಹತ್ತುವ ಮೊದಲು ಅವಳಿಗೆ ಮೆಸೇಜು ಕಳಿಸಿದೆ. ಹೊರಗಿನಿಂದಲೇ ಹಾಕಿತ್ತು, ನೀನು ಬಾಗಿಲು ಬಡಿದೆ, ನಾನು ನಂಬಲಿಲ್ಲ ಎಂದು ಬರೆದೆ. ಓದಿದಳು. ಉತ್ತರ ಬರಲಿಲ್ಲ, ಬರಬೇಕೆಂದೂ ಇಲ್ಲ. ರಟ್ಟೆ ಹಿಡಿದು ಎಳೆದದ್ದು ಈಗಲೂ ನನ್ನ ನೆನಪಿನಲ್ಲಿ ಇಲ್ಲ. ಇಲ್ಲ ಎಂಬುದನ್ನು ನಾನಿನ್ನು ಸಾಕ್ಷಿ ಎಂದು ಯಾರ ಮುಂದೆಯೂ ಇಡಲಾರೆ.

ನಾನು ನೋಡಿ, ಮುಟ್ಟಿ ಖಚಿತಪಡಿಸಿಕೊಂಡದ್ದು ಒಂದೇ. ಆ ಬಾಗಿಲಿಗೆ ಇರುವುದು ಒಂದೇ ಚಿಲಕ, ಅದು ಹೊರಗಿದೆ.